ಊರ ಬಸವಣ್ಣನ್ನ ನಾ ಮೂಡಲಗಿಗೆ ಮುಟ್ಟಿಸಿದ್ದು

ನನ್ನಂಥ ಶ್ಯಾಣ್ಯಾ ನಮ್ಮೂರ ಮುನಸಿಪಾಲ್ಟಿಗೆ ಹಿಂದ ಬಂದಿಲ್ಲ, ಮುಂದ ಬರೂದಿಲ್ಲ. ಇದು ಊರ ಮಂದಿ ಮಾತಲ್ಲ. ಮೆಂಬರ ಆದ ದಿನ ಕನ್ನಡಿ ಮುಂದ ನಿಂತು ರುಮಾಲ ಸುತ್ತಿಕೋತ ನನಗ ನಾನ ಹೇಳಿಕೊಂಡಿದ್ದು. ಕನ್ನಡಿ ಏನೂ ಅನ್ನಲಿಲ್ಲ. ಅನ್ನಲಿಲ್ಲ ಅಂದ್ರ ಒಪ್ಪಿಗಿ ಅಂತ ತಿಳಕೊಂಡ್ನಿ!

ಊರು ಯಾವುದು ಅಂತ ಕೇಳಬ್ಯಾಡ್ರಿ. ಗೋಕಾಕಕ್ಕೂ ಹುಕ್ಕೇರಿಗೂ ನಡುವ ಎಲ್ಲೋ ಐತಿ ಅಂತ ಇಟಕೊಳ್ರಿ. ಹೆಸರು ಬರದ್ರ ನಮ್ಮ ಪ್ರೆಸಿಡೆಂಟ್ರು ನನ್ನ ಊರಾಗ ತಿರಗ್ಯಾಡಾಕ ಬಿಡೂದಿಲ್ಲ.

ನಾ ಮೆಂಬರ ಆದದ್ದು ಹೆಂಗ ಅನ್ನೂದು ಮೊದಲ ಹೇಳತೇನಿ. ನಿಂದರಬೇಕಾದಾಂವ ನಾನಲ್ಲ, ನಮ್ಮ ಕಾಕಾ. ಅರ್ಜಿ ಕೊಡೂ ದಿನಾನ ಅವಗ ಜ್ವರ ಬಂತು. "ಈರ್ಯಾ, ನೀ ನಾಕ ಅಕ್ಷರ ಕಲತಾಂವ ಅದಿ. ಹೋಗಿ ಅರ್ಜಿ ತುಂಬಿ ಬಾ" ಅಂದ. ನಾ ಹೋದ್ನಿ. ಕಾಗದದ ಮೊದಲನೇ ಸಾಲಿನ್ಯಾಗ "ಹೆಸರು" ಅಂತ ಇತ್ತು. ಹೆಸರು ಕೇಳ್ಯಾರಲ್ಲ ಅಂತ ನನ್ನ ಹೆಸರು ಬರದ್ನಿ. ಕೆಳಗ "ವಯಸ್ಸು" ಅಂತ ಇತ್ತು, ನನ್ನ ವಯಸ್ಸು ಬರದ್ನಿ. ಸಹಿನೂ ಚಂದಂಗ ಬಾಲ ಬಿಟ್ಟು ಹೊಡದು ಬಂದ್ನಿ. ನಮ್ಮ ವಾರ್ಡಿನ್ಯಾಗ ಬ್ಯಾರೆ ಯಾರೂ ನಿಂತಿರಲಿಲ್ಲ. ಎಂಟ ದಿನಕ್ಕ ಡಂಗುರ ಸಾರಿದ್ರು. ನಾ ಅವಿರೋಧ ಆರಿಸಿ ಬಂದಿದ್ನಿ! ಕಾಕಾನ ಜ್ವರ ಅಷ್ಟೊತ್ತಿಗೆ ಬಿಟ್ಟಿತ್ತು. ಡಂಗುರ ಕೇಳಿ ಮತ್ತ ಬಂತು.

ಇಡೀ ಊರಾಗ ಖುಷಿ ಆದಾಕಿ ಒಬ್ಬಾಕಿನ, ನಮ್ಮ ಗೌರವ್ವತ್ತಿ. ನಮ್ಮಪ್ಪನ ಅಕ್ಕ. ತಾಯಿ ಇಲ್ಲದ ನನ್ನ ಎತ್ತಿ ಆಡಿಸಿ ದೊಡ್ಡಾಂವನ್ನ ಮಾಡಿದಾಕಿ. ಪ್ಯಾಟ್ಯಾಗ ಬೇವಿನ ಗಿಡದ ಕೆಳಗ ಗೋಣಿಚೀಲ ಹಾಸಿಕೊಂಡು ಪಲ್ಯೆ ಮಾರತಾಳ. ಮೆಂತ್ಯಾ, ಪುಂಡಿ, ರಾಜಗಿರಿ, ಹಕ್ಕರಕಿ, ಬರೇ ತಪ್ಪಲ. ಆಕಿ ಬಾಜೂಕ ಇನ್ನೂ ಏಳೆಂಟು ಮಂದಿ ಹೆಣಮಕ್ಕಳು. ನಾ ಆರಿಸಿ ಬಂದ ದಿನ ಗಿರಾಕಿಗೆಲ್ಲಾ ಒಂದೊಂದು ಸೂಡ ಹೆಚ್ಚಿಗಿ ಕೊಟ್ಟು ಹೇಳಿದ್ಳಂತ: "ಇನ್ನ ನಮ್ಮ ಜಾಗಾಕ್ಕ ಯಾರೂ ಕೈ ಹಚ್ಚಾಂಗಿಲ್ಲ. ನಮ್ಮ ಈರ್ಯಾ ಅಲ್ಲಿ ಖುರ್ಚಿ ಮ್ಯಾಲ ಕುಂತಾನ!"

ಖರೆ ಹೇಳಬೇಕಂದ್ರ ಮುನಸಿಪಾಲ್ಟ್ಯಾಗ ಖುರ್ಚಿ ಇದ್ದದ್ದ ಒಂದು. ಅದರ ಮ್ಯಾಲ ಪ್ರೆಸಿಡೆಂಟ ಶಂಕ್ರಪ್ಪ ಸಾವಕಾರ್ರು ಕುಂದರತಿದ್ರು. ನಾವೆಲ್ಲಾ ಜಮಖಾನಿ ಮ್ಯಾಲ.

ಇನ್ನ ಗೂಳಿ ಸುದ್ದಿ. ನಮ್ಮೂರಾಗ ದೇವರಿಗೆ ಬಿಟ್ಟ ಗೂಳಿ ಒಂದೈತಿ. ಬೆಳ್ಳಗ ಸುಣ್ಣಾ ಬಳದಾಂಗ ಮೈ, ಭುಜ ಅಂದ್ರ ಒಂದು ಸಣ್ಣ ಬಣವಿ, ಕೊಳ್ಳಾಗ ಹಿತ್ತಾಳಿ ಗಂಟಿ. ಅದಕ್ಕ ಯಾರೂ ಗೂಳಿ ಅನ್ನಾಂಗಿಲ್ಲ, ಬಸವಣ್ಣ ಅನ್ನಬೇಕು. ಹಗ್ಗ ಹಾಕಾಂಗಿಲ್ಲ, ಮೂಗದಾರ ಹಾಕಾಂಗಿಲ್ಲ, ಹೊಡಿಯೂ ಬಡಿಗಿ ತೋರಸಾಂಗಿಲ್ಲ. ಮುಂಜಾನೆ ಪ್ಯಾಟಿಗೆ ಬಂದು ಯಾವ ಬುಟ್ಟ್ಯಾಗ ಬಾಯಿ ಹಾಕತೈತೋ ಆ ಹೆಣಮಗಳು ಮೊದಲ ಕೈ ಮುಗೀಬೇಕು, ಆಮ್ಯಾಲ ಬೈಬೇಕು. ಗೌರವ್ವತ್ತಿ ಎರಡೂ ಒಂದ ಉಸರಿನ್ಯಾಗ ಮುಗಸತಿದ್ಳು: "ಶರಣೋ ಬಸವಣ್ಣ, ನಿನ್ನ ಹೊಟ್ಟಿ ಒಡೀಲಿ!"

ಹಿಂಗ ನಡದಿತ್ತು. ಒಂದ ದಿನ ಸರಕಾರದ ದೊಡ್ಡ ಅಧಿಕಾರಿ ಪ್ರಾಂತ ಸಾಹೇಬ್ರು ಊರ ನೋಡಾಕ ಬಂದ್ರು. ಪ್ಯಾಟ್ಯಾಗ ಮೇಜ ಇಟ್ಟು, ಮೇಜಿನ ಮ್ಯಾಲ ಸೇವಂತಿಗಿ ಹಾರ ಇಟ್ಟು, ಬಾಜೂಕ ಇಂಗ್ಲೀಷಿನ್ಯಾಗ ಬರಸಿದ ಮಾನಪತ್ರ ಇಟ್ಟಿದ್ರು. ಸಾಹೇಬ್ರು ಟಾಂಗಾ ಇಳಿಯೂದ್ರಾಗ ಬಸವಣ್ಣ ಬಂದ. ಮೊದಲ ಹಾರ ತಿಂದ. ಆಮ್ಯಾಲ ಮಾನಪತ್ರ ತಿಂದ. ಆ ಇಂಗ್ಲೀಷ ಊರಾಗ ಒಬ್ಬರಿಗೂ ತಿಳಿದಿರಲಿಲ್ಲ. ಬಸವಣ್ಣ ಒಂದ ಅಕ್ಷರ ಬಿಡದಂಗ ಮುಗಿಸಿದ! ಸಾಹೇಬ್ರು ಮಾರಿ ಕೆಂಪಗ ಮಾಡಿಕೊಂಡು, "ನಾ ಮತ್ತ ಬರೂದ್ರಾಗ ಈ ಪ್ಯಾಟಿ ಸುಧಾರಿಸಬೇಕು" ಅಂತ ಹೇಳಿ ಹೋದ್ರು.

ಅದರ ಮರುವಾರ ನನ್ನ ಮೊದಲನೇ ಮೀಟಿಂಗು.

ಕಾರಕೂನ ದತ್ತೋಪಂತ್ರು ಮೂಗಿಗೆ ಚಾಳೀಸ ಏರಿಸಿಕೊಂಡು ಓದಾಕ ಹತ್ತಿದ್ರು. ಕಂದೀಲ ಕಂಬದ ವಿಷಯ ಆತು. ಗಟಾರದ ವಿಷಯ ಆತು. ನಾ ಪ್ರತಿ ವಿಷಯಕ್ಕೂ "ಯೋಗ್ಯ ಐತಿ" ಅಂತ ತಲಿ ಅಲ್ಲಾಡಿಸಿದ್ನಿ. ಗಟಾರ ತುಂಬೇತಿ ಅಂದಾಗೂ ಯೋಗ್ಯ ಐತಿ ಅಂದ್ನಿ. ಆಮ್ಯಾಲ ಬಸವಣ್ಣನ ವಿಷಯ ಬಂತು.

ಸಾವಕಾರ್ರು ಖುರ್ಚಿ ಮ್ಯಾಲ ಸರದು ಕುಂತ್ರು. "ನೋಡ್ರಪಾ, ಗೂಳಿ ಪ್ಯಾಟಿಗೆ ಯಾಕ ಬರತೈತಿ? ತಪ್ಪಲಕ್ಕ ಬರತೈತಿ. ಅದಕ್ಕ ಎರಡ ಹಾದಿ ಅದಾವ. ಒಂದು, ಬಸವಣ್ಣ ಊರ ಬಿಡಬೇಕು. ಇಲ್ಲಾ, ಪಲ್ಯೆ ಮಾರೂ ಹೆಣಮಕ್ಕಳು ಪ್ಯಾಟಿ ಬಿಟ್ಟು ಊರ ಹೊರಗಿನ ನಾಕಾದ ಆಚೆ ಹಳ್ಳದ ದಂಡಿಗೆ ಹೋಗಬೇಕು. ಮುಂದಿನ ಮೀಟಿಂಗಿನೊಳಗ ಎರಡ್ರಾಗ ಒಂದು ಆಗಾಕ ಬೇಕು."

ಹಳ್ಳದ ದಂಡ್ಯಾಗ ಗಿಡ ಇಲ್ಲ, ನೆರಳಿಲ್ಲ, ಗಿರಾಕಿ ಅಂತೂ ಮೊದಲ ಇಲ್ಲ. ಅಲ್ಲಿ ಕುಂತ್ರ ಗೌರವ್ವತ್ತಿ ಮುಂಜಾನೆ ತಂದ ಮೆಂತ್ಯಾ ಮಧ್ಯಾಹ್ನಕ್ಕ ಚಹಾಪುಡಿ ಆಗತಿತ್ತು. ನಾ ಇದ್ದು ಹಂಗ ಆಗಾಕ ಬಿಡತೇನೇನು? ಭಾಷಣ ಮಾಡಬೇಕು ಅಂತ ಠರಾಯಿಸಿದ್ನಿ. "ಸನ್ಮಾನ್ಯ ಅಧ್ಯಕ್ಷರೇ, ಈ ಅಬಲೆಯರ ಮೇಲೆ..." ಅಂತ ಮನಸಿನ್ಯಾಗ ಜೋಡಿಸಾಕ ಹತ್ತಿದ್ನಿ. ಜೋಡಿಸೂ ಭರದಾಗ ಸುತ್ತ ಏನ ನಡದೈತಿ ಅನ್ನೂ ಖಬರ ಉಳೀಲಿಲ್ಲ.

ನಡದದ್ದು ಇಷ್ಟು. ಮೂಡಲಗಿಯ ಗೌಡ್ರೊಬ್ರು ಬಸವಣ್ಣನ್ನ ತಮ್ಮ ಆಕಳದ ಹಿಂಡಿನ್ಯಾಗ ಇಟಕೋತೇನಿ ಅಂತ ಹೇಳಿ ಕಳಿಸಿದ್ರಂತ. ಆದ್ರ ಅದನ್ನ ಅಲ್ಲಿಗೆ ಮುಟ್ಟಿಸಾವ್ರು ಯಾರು? ಯಾರೂ ಹೂಂ ಅನ್ನಲಿಲ್ಲ. ನಮ್ಮ ಮುನಸಿಪಾಲ್ಟ್ಯಾಗ ಇಂಥ ಕೆಲಸಕ್ಕ ಹಿಂದಿನಿಂದ ಒಂದ ಪದ್ಧತಿ ಐತಿ. ಹಿತ್ತಾಳಿ ತಾಟಿನ್ಯಾಗ ಐದ ಎಲಿ, ಒಂದು ಅಡಕಿ ಇಟ್ಟು ಜಮಖಾನಿ ನಡುವ ಇಡತಾರ. ಯಾರ ಆ ಎಲಿ ಎತ್ತತಾರೋ ಕೆಲಸ ಅವರದು. ಸಭಾದ ಮುಂದ ಎತ್ತಿದ ಎಲಿ ಕೆಳಗ ಇಡಾಂಗಿಲ್ಲ, ಅದು ದೇವರಿಗೆ ಮಾತ ಕೊಟ್ಟಂಗ. ಅವತ್ತೂ ತಾಟ ಬಂತು. ಹತ್ತ ಮಂದಿ ಮೆಂಬರ್ರೂ ಕೈ ಹಿಂದ ಕಟಗೊಂಡು ಮಾಳಿಗಿ ಜಂತಿ ಎಣಸಾಕ ಹತ್ತಿದ್ರು.

ನನ್ನ ಭಾಷಣ ಅಷ್ಟೊತ್ತಿಗೆ ಮೂರನೇ ವಾಕ್ಯಕ್ಕ ಬಂದಿತ್ತು. ಬಾಯಿ ಒಣಗಿತ್ತು. ಕಣ್ಣ ತಗದು ನೋಡತೇನಿ, ಎದುರಿಗೆ ಎಳೇ ಎಲಿ! ಹಿರ್ಯಾರು ಹೊಸಾ ಮೆಂಬರಗ ಎಷ್ಟ ಮರ್ಯಾದಿ ಮಾಡ್ಯಾರಲ್ಲ ಅಂತ ಕೈ ಚಾಚಿ ಎತ್ತಿದ್ನಿ. ಮಡಚಿದ್ನಿ. ಬಾಯಾಗ ಇಟ್ನಿ.

"ದತ್ತೋಪಂತ್ರ, ಸುಣ್ಣ ಎಲ್ಲಿ ಐತ್ರಿ?" ಅಂದ್ನಿ.

ಸಾವಕಾರ್ರ ಕಣ್ಣಾಗ ನೀರ ಬಂತು.

"ಭಲೇ ತಮ್ಮಾ! ನಾವು ಮುಪ್ಪಾದಾವ್ರು ಮುಟ್ಟಾಕ ಹೆದರಿ ಕುಂತೇವಿ. ನೀ ಎತ್ತಿದಷ್ಟ ಅಲ್ಲ, ತಿಂದ ಬಿಟ್ಟಿ!"

"ಏನ ಎತ್ತೇನ್ರಿ?"

"ಬಸವಣ್ಣನ್ನ ಮೂಡಲಗಿಗೆ ಮುಟ್ಟಿಸೂ ಎಲಿ!"

ನಾ ಬಾಯಾಗಿಂದು ತಗದು ತಾಟಿನ್ಯಾಗ ಇಡಾಕ ಹೋದ್ನಿ. ದತ್ತೋಪಂತ್ರು ತಾಟ ಹಿಂದಕ್ಕ ಜಗ್ಗಿದ್ರು. "ಛೇ ಛೇ! ಅಗದದ್ದು ವಾಪಸ ತಗೋಳಾಕ ಕಾಯದೇದಾಗ ಅವಕಾಶ ಇಲ್ರಿ, ಮೆಂಬರ ಸಾಹೇಬ್ರ" ಅಂದ್ರು. ಹಿಂದ ಎಲಿ ಎತ್ತಿ ಪಸ್ತಾಯಿಸಿದಾವ್ರು ಎಷ್ಟೋ ಮಂದಿ ಇದ್ರಂತ. ಸುಣ್ಣ ಕೇಳಿದಾಂವ ನಾನೊಬ್ನ!

ನಾ ಮನಿ ಮುಟ್ಟೂದಕ್ಕ ಮೊದಲ ಸುದ್ದಿ ಮುಟ್ಟಿತ್ತು. ಗೌರವ್ವತ್ತಿ ಆರತಿ ತಾಟ ಹಿಡಕೊಂಡು ಬಾಗಲದಾಗ ನಿಂತಿದ್ಳು. ಹಿಂದ ಪಲ್ಯೆದ ಹೆಣಮಕ್ಕಳೆಲ್ಲಾ.

"ನನ್ನ ಸಲುವಾಗಿ ಎಲಿ ಎತ್ತ್ಯಾನ್ರೇ ನನ್ನ ಕೂಸು! ಹತ್ತ ಮಂದಿ ಗಂಡಸರು ತಲಿ ಕೆಳಗ ಹಾಕಿ ಕುಂತಾಗ ಇಂವ ಎದ್ದ ಎತ್ತಿದಂತ!"

"ಅತ್ತಿ, ಅದು ಏನಾತಂದ್ರ..."

"ಸುಮ್ಮನಿರೋ. ನಿನಗ ನಾಚಿಕಿ. ಸಣ್ಣಾಂವ ಇದ್ದಾಗಿಂದ ಮಾಡಿದ್ದು ಹೇಳಿಕೋಳಾಂವ ಅಲ್ಲ ನೀ."

ಇಷ್ಟ ಅಂದ ಮ್ಯಾಲ ಖರೆ ಹೇಳಾಕ ಬಾಯಿ ಬರಲಿಲ್ಲ. ಬದಲಿ ಕಟ್ಟಿ ಹತ್ತಿ ನಿಂತು, ಮೀಟಿಂಗಿನ್ಯಾಗ ಉಳಿದಿದ್ದ ಭಾಷಣ ಪೂರಾ ಹೊಡದ್ನಿ. "ನನ್ನ ಮೈಯ್ಯಾಗ ಉಸುರು ಇರೂತನಕ ಬೇವಿನ ಗಿಡದ ಕೆಳಗಿಂದ ನಿಮ್ಮನ್ನ ಯಾರೂ ಎಬ್ಬಿಸಾಂಗಿಲ್ಲ!" ಅಂದ್ನಿ. ಹೆಣಮಕ್ಕಳು ಕಣ್ಣ ಒರಸಿಕೊಂಡ್ರು. ನಾನೂ ಒರಸಿಕೊಂಡ್ನಿ. ನನ್ನದು ಬ್ಯಾರೆ ಕಾರಣಕ್ಕ.

ಮರುದಿನ ದೋಸ್ತ ಹುಸೇನಿನ್ನ ಕರಕೊಂಡ್ನಿ. ಹುಸೇನಿ ಗಾಡಿ ಹೊಡಿಯಾಂವ. ದನದ ಮನಸ ಅವಗ ತಿಳದಷ್ಟು ದನಕ್ಕೂ ತಿಳಿಯೂದಿಲ್ಲ.

"ಹಗ್ಗ ಹಾಕಾಂಗಿಲ್ಲ, ಬಡಿಗಿ ಇಲ್ಲ. ಹೆಂಗ ಒಯ್ಯೂದೋ?" ಅಂದ್ನಿ.

"ತಪ್ಪಲ ತೋರಿಸ್ಕೋತ ಒಯ್ಯೂದು. ಇಷ್ಟೂ ತಿಳಿಯೂದಿಲ್ಲ, ಮೆಂಬರ ಬ್ಯಾರೆ ಆಗೀದಿ."

ಗೌರವ್ವತ್ತಿ ಒಂದ ಬುಟ್ಟಿ ಮೆಂತ್ಯಾ ಕೊಟ್ಟಳು. ನಾ ಮುಂದ, ಬಸವಣ್ಣ ಹಿಂದ. ನಾಕಾ ಮುಟ್ಟೂದ್ರಾಗ ಬುಟ್ಟಿ ಖಾಲಿ ಆತು. ಬಸವಣ್ಣ ಬುಟ್ಟಿ ಮೂಸಿ ನೋಡಿ, ನನ್ನ ಮೂಸಿ ನೋಡಿ, ಹೊಳ್ಳಿ ಪ್ಯಾಟಿಗೆ ಹೋದ. ಮರುದಿನ ಎರಡ ಬುಟ್ಟಿ. ಅದೂ ನಾಕಾದ ತನಕನ. ಮೂರನೇ ದಿನ ಬಸವಣ್ಣ ತಾನ ಬಂದು ನಮ್ಮ ಬಾಗಲದಾಗ ನಿಂತ, ಫಿರ್ತಿ ತಿರಗಾಕ ಯಾವಾಗ ಹೋಗೂದು ಅನ್ನಾಂಗ! ಹಿಂಗ ಎಲಿ ತಿಂದು ಹದಿನೈದು ದಿನ ಆದ್ರೂ ನಾ ನಾಕಾ ದಾಟಿರಲಿಲ್ಲ. ಮೊದಲ ಬಸವಣ್ಣ ಅತ್ತಿ ಬುಟ್ಟ್ಯಾಗ ಬಾಯಷ್ಟ ಹಾಕತಿದ್ದ. ಈಗ ನಾ ಬುಟ್ಟಿನ ಒಯ್ದು ಬಾಯಿಗೆ ಹಿಡಿಯಾಕತ್ತಿದ್ನಿ.

"ಈರ್ಯಾ," ಅಂದ್ಳು ಗೌರವ್ವತ್ತಿ, ಮೆತ್ತಗ, "ನನ್ನ ಉಳಸೂ ಭರದಾಗ ನನ್ನ ಕಡೆ ಮಾರಾಕ ಏನರ ಉಳಸಪ್ಪಾ."

ಆಗ ನನ್ನ ತಲಿ ಓಡಿತು. ನಮ್ಮದು ಕಬ್ಬಿನ ಸೀಮಿ. ತಪ್ಪಲಕ್ಕ ಬರೂ ಗೂಳಿ ಬೆಲ್ಲಕ್ಕ ಬರಲಾರದೇನು? ಒಂದು ದೊಡ್ಡ ಪೆಂಟಿ ಬೆಲ್ಲ ತಗೊಂಡು, ಹೆಗಲ ಮ್ಯಾಲಿನ ಶಲ್ಲೇದಾಗ ಗಂಟ ಕಟ್ಟಿ ಬೆನ್ನಿಗೆ ಬಿಗದ್ನಿ. ಗಂಟಿನ ಮ್ಯಾಲ ಒಂದೀಟ ನೀರ ಸಿಂಪಡಿಸಿದ್ನಿ, ವಾಸನಿ ಬರಲಿ ಅಂತ. ಹುಸೇನಿ ಸುತ್ತ ತಿರುಗಿ ನೋಡಿ, "ಮೆಂಬರಕಿ ಮಾಡಾಕ ಇಷ್ಟ ಡೌಲ ಬೇಕಾಗತೈತಿ ಅಂತ ಗೊತ್ತಿರಲಿಲ್ಲ" ಅಂದ.

ಡೌಲ ಹೆಂಗರ ಇರಲಿ, ಯುಕ್ತಿ ನಡೀತು! ಬಸವಣ್ಣ ನಾಕಾ ದಾಟಿದ. ಗೋಕಾಕ ದಾಟಿದ. ಹರದಾರಿ ಮ್ಯಾಲ ಹರದಾರಿ ನನ್ನ ಬೆನ್ನ ನೆಕ್ಕೋತ ಬಂದ. ಗೂಳಿ ನಾಲಿಗಿ ಅಂದ್ರ ಏನಂತ ತಿಳದೀರಿ? ಬಡಿಗ್ಯಾನ ಮನ್ಯಾಗ ಕಟಗಿ ತಿಕ್ಕೂ ಅರ ಇರತೈತಲ್ಲ, ಅದು, ಹಸೀದು! ಶಲ್ಲೇದ ನಡುವ ತೂತ ಬಿತ್ತು. ಅದರ ಕೆಳಗ ಅಂಗಿ ಹೋತು. ಬೆಲ್ಲ ಕರಗಿ ಸೊಂಟದ ತನಕ ಇಳದಿತ್ತು, ನೊಣ ಗುಂಯ್ ಅಂತಿದ್ವು. ನಾ ಓಡಿದ್ರ ಅದು ಓಡತಿತ್ತು. ನಾ ನಿಂತ್ರ ಅದು ನಿಂತು ನಿವಾಂತ ನೆಕ್ಕತಿತ್ತು.

"ನೋಡೋ, ಅದಕ್ಕ ನಿನ್ನ ಮ್ಯಾಲ ಎಷ್ಟ ಜೀವ!" ಅಂದ ಹುಸೇನಿ.

ಇದೇ ಅವತಾರದಾಗ ಮೇಲವಂಕಿಗೆ ಬಂದ್ವಿ. ಊರ ಮುಂದಿನ ಬಾಂವ್ಯಾಗ ನೀರ ಸೇದಾಕತ್ತಿದ್ದ ಒಬ್ಬಾಕಿ ಮುದಕಿ ನಮ್ಮನ್ನ ನೋಡಿ ಕೊಡ ಕೈ ಬಿಟ್ಟಳು.

"ಯವ್ವಾ, ಬರ್ರೇ, ನೋಡ್ರೇ! ಹಗ್ಗಿಲ್ಲ, ಮೂಗದಾರಿಲ್ಲ, ಬಸವಣ್ಣ ತಾನ ಹಿಂದ ಬರಾಕತ್ತಾನ. ಮ್ಯಾಲ ಬೆನ್ನ ನೆಕ್ಕಾಕತ್ತಾನ, ಆಕಳ ಕರಾ ನೆಕ್ಕಿದಾಂಗ! ಯಾರೋ ಶರಣ್ರ ಇರಬೇಕು!"

ಕಣ್ಣ ಮುಚ್ಚಿ ತಗಿಯೂದ್ರಾಗ ಊರ ನೆರೀತು. ನನ್ನ ಕಾಲಿಗೆ ನೀರ ಹಾಕಿದ್ರು. ಒಬ್ಬ ಯಜಮಾನ ಕೈ ಮುಗದು ಕೇಳಿದ: "ಅಪ್ಪಾರು ಯಾವ ಊರಿನವ್ರು?" ನಾ ಮುನಸಿಪಾಲ್ಟಿ ಮೆಂಬರ ಅಂತ ಹೇಳಾಕ ಬಾಯಿ ತಗದಿದ್ನಿ. ಹುಸೇನಿ ಅಡ್ಡ ಬಂದ.

"ಅಪ್ಪಾರು ಮೌನ ಹಿಡದಾರ."

ನಾ ಕಣ್ಣ ತಗದು ಹುಸೇನಿ ಕಡೆ ನೋಡಿದ್ನಿ. ಮಂದಿ, "ಏನ ತೇಜ ಅದಾವ್ರಿ ಕಣ್ಣು!" ಅಂದ್ರು.

ಪೂಜಾ ಆತು. ಆಮ್ಯಾಲ ಪ್ರಸಾದ ಬಂತು. ಹೋಳಿಗಿ! ಹಂಚಿನ ಮ್ಯಾಲಿಂದ ಆಗಷ್ಟ ಇಳಿಸಿದ ಹೂರಣದ ಹೋಳಿಗಿ, ಮ್ಯಾಲ ತುಪ್ಪ. ಮುಂಜಾನೆಯಿಂದ ಹೊಟ್ಟ್ಯಾಗ ಏನೂ ಇರಲಿಲ್ಲ. ನಾ ಕೈ ಚಾಚಿದ್ನಿ.

"ಅಪ್ಪಾರು ಉಪವಾಸನೂ ಅದಾರ" ಅಂದ ಹುಸೇನಿ, ಐದನೇ ಹೋಳಿಗಿ ಮಡಚಿಕೋತ. "ಅವರ ಪಾಲಿಂದು ಬಸವಣ್ಣಗ ಕೊಡ್ರಿ. ಸೇವಾ ಮಾಡಾಂವ ಅಂತ ನನಗೂ ಒಂದಿಷ್ಟು."

ಬಸವಣ್ಣ ಮೊದಲ ಮೂಸಿ ನೋಡಿದ. ಹೋಳಿಗಿ ಅಂದ್ರ ಏನಂತ ಅವತ್ತಿನ ತನಕ ಅವಗ ಗೊತ್ತಿರಲಿಲ್ಲ. ಊರಾಗ ಮಂದಿ ಬರೇ ಕೈ ಮುಗೀತಿದ್ರು, ಹೋಳಿಗಿ ಯಾರ ಕೊಡತಿದ್ರು? ಒಂದು ತಿಂದ. ನಿಂತ. ಕಿವಿ ಅಲ್ಲಾಡಿಸಿದ. ಆಮ್ಯಾಲ ತಾಟ ತಾಟ ಬಂದು ಬಂದಂಗ ಹೋದವು. ನಾ ಮೌನದಾಗ ನೋಡಿದ್ನಿ. ಅಷ್ಟ ಖರೇ ಮೌನ ಯಾವ ಸ್ವಾಮಿನೂ ಹಿಡದಿರಲಿಕ್ಕಿಲ್ಲ!

ಹೊಂಡೂ ಮುಂದ ಆಶೀರ್ವಾದ ಕೇಳಿದ್ರು. ಒಂದ ಕೂಸಿನ ತಲಿ ಮ್ಯಾಲ ಕೈ ಇಡಾಕ ಬಗ್ಗಿದ್ನಿ. ಬೆನ್ನ ಎದುರಿಗೆ ಸಿಕ್ಕಿತ್ತಲ್ಲ, ಬಸವಣ್ಣ ಬಾಯಿ ಹಾಕಿ ಉಳದ ಬೆಲ್ಲ, ಶಲ್ಲೇ, ಅಂಗಿಯ ಹಿಂಭಾಗ, ಮೂರೂ ಒಂದ ಸಲಕ್ಕ ಕಿತಗೊಂಡ. "ಅಪ್ಪಾರದು ವೈರಾಗ್ಯ!" ಅಂತ ಮಂದಿ ಜೈಕಾರ ಹಾಕಿದ್ರು.

ಬೆಲ್ಲ ಹೋತು, ಇನ್ನ ಗೂಳಿ ಹೆಂಗ ಬರತೈತಿ ಅಂತ ನನಗ ಚಿಂತಿ. ಚಿಂತಿ ಮಾಡೂ ಕಾರಣನ ಇರಲಿಲ್ಲ. ಮೇಲವಂಕಿ ಮಂದಿ ಹೋಳಿಗಿ ಬುಟ್ಟಿ ಹೊತಗೊಂಡು ಭಜನಿ ಮಾಡ್ಕೋತ ನಾಗನೂರ ತನಕ ಕಳಸಾಕ ಬಂದ್ರು. ನಾಗನೂರ ಮಂದಿ ಊರ ಹೊರಗ ಬಂದು ಎದುರುಗೊಂಡ್ರು. ಅಲ್ಲಿ ಮನಿಗೊಂದು ತಾಟ. ಬಸವಣ್ಣನೂ ಕಲತ. ಒಂದೊಂದ ಬಾಗಲದ ಮುಂದ ನಿಂದರತಿದ್ದ. ಒಳಗಿಂದ ಹೋಳಿಗಿ ಬರೂತನಕ ಕಾಲ ಎತ್ತತಿರಲಿಲ್ಲ. ಒಂದ ಓಣಿ ದಾಟಾಕ ಅರ್ಧ ದಿನ ಹಿಡೀತು. ಒಬ್ಬಾಕಿ ತಿಳೀಲಾರದ ಮೆಂತ್ಯಾ ಸೂಡ ತಂದು ಮುಂದ ಹಿಡದ್ಳು. ಬಸವಣ್ಣ ಆಕಿ ಕಡೆ ನೋಡಿದ ನೋಟ, ನಾ ಇನ್ನೂ ಮರತಿಲ್ಲ. ಮದವಿ ಮನ್ಯಾಗ ಬೀಗರಿಗೆ ತಂಗಳ ರೊಟ್ಟಿ ಹಾಕಿದ್ರ ಹಂಗ ನೋಡತಾರ.

ಆ ನೋಟದ ಅರ್ಥ ಆಗ ನನಗ ತಿಳೀಲಿಲ್ಲ. ಹಸದಾವಗ ಏನ ತಿಳೀತೈತಿ?

ಅಂತೂ ಇಂತೂ ಮೂಡಲಗಿ ಮುಟ್ಟಿದ್ವಿ. ಗೌಡ್ರು ಒಳ್ಳೇವ್ರು. ನನಗ ಒಂದು ಅಂಗಿ ಕೊಟ್ರು, ಅದಕ್ಕೂ ಮೊದಲ ಊಟಕ್ಕ ಹಾಕಿದ್ರು. ನಾ ಉಂಡ ಮ್ಯಾಲ ಮುನಸಿಪಾಲ್ಟಿ ರೀತಿಯಂಗ ಅವರ ಕಡಿಂದ ಒಂದು ಪಾವತಿ ಬರಸಿಕೊಂಡ್ನಿ: "ಗೂಳಿ ಒಂದು, ಕೋಡು ಎರಡು, ಗಂಟಿ ಸಹಿತ ಸುರಕ್ಷಿತ ಮುಟ್ಟಿತು." ಕೆಳಗ ಗೌಡ್ರ ಸಹಿ. ಅದನ್ನ ಮಡಚಿ ಎದಿ ಮ್ಯಾಲಿನ ಕಿಸೇದಾಗ ಇಟಗೊಂಡು, ಗಾಡ್ಯಾಗ ಕುಂತು ಗೋಕಾಕಕ್ಕ ಬಂದ್ವಿ. ಅಲ್ಲಿ ಹುಸೇನಿ ಅಕ್ಕನ ಮನ್ಯಾಗ ನಾಕ ದಿನ ಇದ್ವಿ. ಬೆನ್ನಿಗೆ ಕೊಬ್ಬರೆಣ್ಣಿ ಹಚ್ಚಿಸಿಕೊಂಡ್ನಿ. ದೊಡ್ಡ ಕೆಲಸ ಮಾಡಿದಾವ್ರು ವಿಶ್ರಾಂತಿ ತಗೋಬೇಕಲ್ಲ!

ಮೀಟಿಂಗಿನ ದಿನ ಸೀದಾ ಮುನಸಿಪಾಲ್ಟಿಗೆ ಬಂದಿಳದ್ನಿ. ಬಾಗಲದಾಗ ಗೌರವ್ವತ್ತಿ ಮತ್ತ ಪಲ್ಯೆದ ಹೆಣಮಕ್ಕಳು ಬುಟ್ಟಿ ಇಟಗೊಂಡು ನಿಂತಿದ್ರು. ಅತ್ತಿ ಏನೋ ಹೇಳಾಕ ಬಂದ್ಳು. "ಈರ್ಯಾ, ನಿನ್ನಿ ಏನಾತಂದ್ರ..." "ಎಲ್ಲಾ ಒಳಗ ಹೇಳತೇನತ್ತಿ, ನೀ ಸುಮ್ಮನ ಕೇಳು" ಅಂತ ಕೈ ತೋರಿಸಿ ಒಳಗ ಹೋದ್ನಿ. ಕಿಡಕಿಗೆ ಬೆನ್ನ ಮಾಡಿ, ಎದಿ ಉಬ್ಬಿಸಿ ನಿಂತ್ನಿ.

"ಸನ್ಮಾನ್ಯ ಅಧ್ಯಕ್ಷರೇ! ಸಭಾ ನನ್ನ ಮ್ಯಾಲ ಹಾಕಿದ ಭಾರವನ್ನ ನಾ ಸಂಪೂರ್ಣವಾಗಿ ಇಳಿಸೇನಿ. ಈ ಹೊತ್ತು, ಈ ಕ್ಷಣದಾಗ, ಬಸವಣ್ಣ ಮೂಡಲಗಿಯ ಹಸರ ಕಬ್ಬಿನ ನಡುವ ಸುಖವಾಗಿ ಅದಾನ!"

ಮೆಂಬರ್ರೆಲ್ಲಾ ಬಾಯಿ ತಗದ್ರು. ನನ್ನ ಭಾಷಣಕ್ಕ ಇಷ್ಟ ಶಕ್ತಿ ಐತಿ ಅಂತ ನನಗೂ ಗೊತ್ತಿರಲಿಲ್ಲ. ದನಿ ಏರಿಸಿದ್ನಿ.

"ಆಂವ ಇನ್ನ ಈ ಊರ ಕಡೆ ಹೊಳ್ಳಿ ಸೈತ ನೋಡೂದಿಲ್ಲ! ಇದಕ್ಕ ಸಾಕ್ಷಿ, ಈ ಪಾವತಿ!" ಅಂತ ಕಾಗದ ತಗದು ತಲಿ ಮ್ಯಾಲ ಎತ್ತಿ ಹಿಡದ್ನಿ.

ಹಿಂದಿಂದ ಯಾರೋ ಪಾವತಿ ಕಸಗೊಂಡ್ರು.

ಹೊಳ್ಳಿ ನೋಡಿದ್ನಿ. ಕಿಡಕ್ಯಾಗ ಎರಡ ಕೋಡು. ನಡುವ ಬಸವಣ್ಣ. ಬಾಯಾಗ ಗೌಡ್ರ ಸಹಿ.

ಎರಡ ಸಲ ಅಗದು ಥೂ ಅಂತ ಉಗಳಿದ. ಮಾನಪತ್ರ ತಿಂದ ಪ್ರಾಣಿ, ನನ್ನ ಪಾವತಿ ಉಗಳಿತು!

ಸಾವಕಾರ್ರು ಖುರ್ಚಿಯಿಂದ ಎದ್ರು. "ಈರಪ್ಪ, ಆತು, ನೀ ಕುಂದರು. ದತ್ತೋಪಂತ್ರ, ಬರಕೊಳ್ರಿ. ಗೂಳಿ ಹೋಗಲಿಲ್ಲ. ನಾಳಿಯಿಂದ ಪಲ್ಯೆದ ಹೆಣಮಕ್ಕಳು ಹಳ್ಳದ ದಂಡಿಗೆ."

ಕಟ್ಟಿ ಹತ್ತಿ ಮಾತ ಕೊಟ್ಟಾಂವ ನಾನು, ಆರತಿ ಮಾಡಿಸಿಕೊಂಡಾಂವ ನಾನು. ಅತ್ತಿ ಮಾರಿ ನೋಡೂ ಧೈರ್ಯ ಆಗಲಿಲ್ಲ. ಭಾಷಣ ಅಂತೂ ಒಂದ ಅಕ್ಷರ ಹುಟ್ಟಲಿಲ್ಲ. "ತಪ್ಪ ನಂದ್ರಿ. ಅವರನ್ನ ಬಿಡ್ರಿ, ಬೇಕಾದ್ರ ನನ್ನ ಹಳ್ಳದ ದಂಡಿಗೆ ಕಳಸ್ರಿ" ಅಂದ್ನಿ. ಇದೊಂದ ಮಾತು ನಾ ಆ ಸಭಾದಾಗ ಬಾಯಿಪಾಠ ಮಾಡದ ಆಡಿದ್ದು.

ಅಷ್ಟ್ರಾಗ ಬಾಗಲದಾಗ ಬಳಿ ಸಪ್ಪಳ ಆತು. ಗೌರವ್ವತ್ತಿ ಬುಟ್ಟಿ ಸಮೇತ ಒಳಗ ಬಂದ್ಳು.

"ಸಾವಕಾರ್ರ, ಬಸವಣ್ಣ ಹೋದ ಹಾದಿ ಹಿಡದು ತಾನ ಊರಿಗೆ ಹೊಳ್ಳಿ ಬಂದು ಒಂದ ದಿನ ಆತು. ನಿನ್ನಿ ಮುಂಜಾನೆ ಪ್ಯಾಟಿಗೂ ಬಂದಿದ್ದ. ಯಾವ ಬುಟ್ಟಿಗೂ ಬಾಯಿ ಹಾಕಿಲ್ಲ. ಹೇಳಾಕ ಬಂದ್ರ ಇಂವ ಭಾಷಣ ಐತಿ ಸುಮ್ಮನಿರು ಅಂದ. ಬೇಕಾದ್ರ ನೋಡ್ರಿ."

ಎಳೇ ಮೆಂತ್ಯಾ ಸೂಡ ಒಂದು ತಗದು ಕಿಡಕ್ಯಾಗ ಬಸವಣ್ಣನ ಮೂಗಿಗೆ ಹಿಡದ್ಳು. ಬಸವಣ್ಣ ಮಾರಿ ಎಡಕ್ಕ ತಿರವಿದ. ಆಕಿ ಎಡಕ್ಕ ಹಿಡದ್ಳು. ಆಂವ ಬಲಕ್ಕ ತಿರವಿದ. ಮೂರನೇ ಸಲಕ್ಕ ಫುಸ್ ಅಂತ ಉಸುರ ಬಿಟ್ಟ, ಮೆಂತ್ಯಾ ಹಾರಿ ದತ್ತೋಪಂತ್ರ ಚಾಳೀಸಿನ ಮ್ಯಾಲ ಬಿತ್ತು.

ಆಗ ಗಾಳಿ ತಿರಗಿತು. ಮುನಸಿಪಾಲ್ಟಿ ಬಾಜೂಕನ ಸಾವಕಾರ್ರ ಮನಿ. ಅವತ್ತ ಅವರ ಮನ್ಯಾಗ ಹೋಳಿಗಿ ಊಟ. ಬಸವಣ್ಣ ಮೂಗ ಮ್ಯಾಲ ಎತ್ತಿದ, ಕಣ್ಣ ಅರ್ಧ ಮುಚ್ಚಿದ, ಕಿಡಕಿ ಬಿಟ್ಟು ಸರದ. ಗಂಟಿ ಸಪ್ಪಳ ಢಣ್ ಢಣ್ ಅಂತ ಸಾವಕಾರ್ರ ಪಡಸಾಲಿ ತನಕ ಹೋಗಿ ನಿಂತಿತು. ಸಾವಕಾರ್ತಿ ದನಿ ನಮಗೆಲ್ಲಾ ಕೇಳಿಸಿತು: "ಏನ ಪುಣ್ಯಾನ ನಮ್ಮದು! ಬಸವಣ್ಣ ಹುಡಿಕ್ಕೊಂಡು ಮನಿಗೆ ಬಂದಾನ! ಏ, ಮೊದಲಿನ ಹೋಳಿಗಿ ಅವಗ ಹಾಕ್ರೇ! ಇನ್ನ ದಿನಾ ಹಾಕ್ರಿ!"

ಸಾವಕಾರ್ರು ಮೆಲ್ಲಕ ಖುರ್ಚ್ಯಾಗ ಕುಂತ್ರು. "ದಿನಾ ಅಂದ್ಳೇನ್ರಿ?" ಅಂದ್ರು.

"ದಿನಾ ಅಂದ್ರು" ಅಂದ್ರು ದತ್ತೋಪಂತ್ರು, ಚಾಳೀಸಿನ ಮ್ಯಾಲಿಂದು ಮೆಂತ್ಯಾ ತಕ್ಕೋತ.

ಗೌರವ್ವತ್ತಿ ಬುಟ್ಟಿ ಕೆಳಗಿಟ್ಟು ಸೊಂಟದ ಮ್ಯಾಲ ಕೈ ಇಟ್ಟಳು. "ಗೂಳಿ ತಪ್ಪಲಕ್ಕ ಬರತೈತಿ, ಅದಕ್ಕ ತಪ್ಪಲ ಹೋಗಬೇಕು ಅಂದಿದ್ರಿ. ಈಗ ಹೋಳಿಗಿಗೆ ಬರಾಕತ್ತೈತಿ. ಈಗ ಯಾರ ಹಳ್ಳದ ದಂಡಿಗೆ ಹೋಗಬೇಕ್ರಿ ಸಾವಕಾರ್ರ?"

ಮೊದಲ ನಕ್ಕಾಂವ ಯಾರೋ ಗೊತ್ತಾಗಲಿಲ್ಲ. ಆದ್ರ ಹತ್ತ ಮಂದಿ ಮೆಂಬರ್ರು, ಬಾಗಲದಾಗಿನ ಹೆಣಮಕ್ಕಳು, ಕಡೀಕ ಸಾವಕಾರ್ರೂ ಹೊಟ್ಟಿ ಹಿಡಕೊಂಡು ನಕ್ಕರು. ಹೆಣಮಕ್ಕಳು ಇದ್ದಲ್ಲೇ ಇರಬೇಕು ಅಂತ ಎಲ್ಲಾರೂ ಕೈ ಎತ್ತಿದ್ರು. ನಾ ಎರಡೂ ಕೈ ಎತ್ತಿದ್ನಿ. ದತ್ತೋಪಂತ್ರು ಒಂದ ಕೈ ಲೆಕ್ಕಕ್ಕ ಹಿಡೀಲಿಲ್ಲ.

"ಪಂತ್ರ, ಬುಕ್ಕಿನ್ಯಾಗ ನಮ್ಮ ಈರ್ಯಾನ ಬಗ್ಗೆ ಏನ ಬರದ್ರಿ, ಒಂದೀಟ ಓದ್ರಿ" ಅಂದ್ಳು ಅತ್ತಿ.

ದತ್ತೋಪಂತ್ರು ಗಂಟಲ ಸರಿ ಮಾಡಿಕೊಂಡು ಓದಿದ್ರು: "ಮೆಂಬರ ಈರಪ್ಪ ಇವರು ಒಪ್ಪಿಕೊಂಡ ಕೆಲಸವು ಸಂಪೂರ್ಣ ಕೆಟ್ಟ ಕಾರಣದಿಂದ ಊರಿಗೆ ಹಿತವಾಯಿತು. ಆದ್ದರಿಂದ ಸಭೆಯು ಆನಂದ ವ್ಯಕ್ತಪಡಿಸುತ್ತದೆ."

"ಅಂದ್ರ ಏನೋ ಈರ್ಯಾ?"

"ಭಾಳ ಹೊಗಳ್ಯಾರತ್ತಿ."

ಅತ್ತಿ ನನ್ನ ಮಾರಿ ನೋಡಿದ್ಳು. ಪಂತ್ರ ಮಾರಿ ನೋಡಿದ್ಳು. "ಕೆಟ್ಟ ಅಂದದ್ದು ನನಗೂ ಕೇಳಿಸಿತು. ಖರೇನ ಬರದಾರ. ನಡಿ, ಹೊತ್ತಾತು. ಬುಟ್ಟಿ ತಗೋ."

ಬುಟ್ಟಿ ತಲಿ ಮ್ಯಾಲ ಇಟಗೊಂಡು ಆಕಿ ಹಿಂದ ಪ್ಯಾಟಿಗೆ ನಡದ್ನಿ. ಹತ್ತ ಹೆಜ್ಜಿಗೆ ಒಂದು ಸೂಡ ಕೆಳಗ ಬೀಳತಿತ್ತು. ಸಂತಿಗೆ ಬಂದ ಪರ ಊರಾಂವೊಬ್ಬ ನೋಡಿ ನಿಂತ.

"ಏನವಾ, ಕೂಲ್ಯಾಂವನ್ನ ಇಟ್ಟೀಯೇನ?"

"ಕೂಲ್ಯಾಂವ ಅಲ್ಲೋ ಯಪ್ಪಾ," ಅಂದ್ಳು ಗೌರವ್ವತ್ತಿ, ಬಿದ್ದ ಸೂಡ ಆರಿಸ್ಕೋತ. "ಕೂಲ್ಯಾಂವ ಆಗಿದ್ರ ಬುಟ್ಟಿ ನೆಟ್ಟಗ ಹೊರತಿದ್ದ. ಇಂವ ನಮ್ಮ ಮೆಂಬರ!"